ಕಲ್ಲುಹೂವು ಯಾವ ಹಾಳೆಗೆ? ಹಿತ್ತಲಲ್ಲಿ ಮಕ್ಕಳಿಗೆ ಜೀವಪಾಠ ಹೇಳುವ ಬಗೆ

ಮೂರು ಅಡಿಕೆ ಹಾಳೆ ತಗೊಳ್ಳಿ. ತೋಟದಲ್ಲಿ ಬಿದ್ದದ್ದೇ ಸಾಕು, ತೊಳೆದು ಒರೆಸಿ ಅಂಗಳದಲ್ಲಿ ಸಾಲಾಗಿ ಇಡಿ. ಮಕ್ಕಳನ್ನು ಹತ್ತು ನಿಮಿಷ ಹಿತ್ತಲಿಗೆ ಬಿಡಿ, ಒಬ್ಬೊಬ್ಬರು ಹತ್ತು ಸಾಮಾನು ಹೆಕ್ಕಿ ತರಲಿ. ಮೊದಲ ಹಾಳೆಗೆ ಜೀವ ಇರುವುದು, ಎರಡನೆಯದಕ್ಕೆ ಹಿಂದೆ ಜೀವ ಇದ್ದದ್ದು, ಮೂರನೆಯದಕ್ಕೆ ಯಾವತ್ತೂ ಜೀವ ಇಲ್ಲದ್ದು. ನೀವು ಏನೂ ಹೇಳಿಕೊಡಬೇಡಿ. ಅವರೇ ಹಾಕಲಿ, ಅವರೇ ಜಗಳವಾಡಲಿ. ಆ ಜಗಳ ಅರ್ಧ ಗಂಟೆ ನಡೆದರೂ ನಡೆಯಲಿ, ಪಾಠ ಇರುವುದೇ ಅದರಲ್ಲಿ.

ನಾನು ತೀರ್ಥಹಳ್ಳಿ ಕಡೆಯ ಹಳ್ಳಿ ಶಾಲೆಗಳಲ್ಲಿ 29 ವರ್ಷ ಪಾಠ ಹೇಳಿ ನಿವೃತ್ತಳಾದವಳು. ಪುಸ್ತಕದಲ್ಲಿ ಸಜೀವಿ, ನಿರ್ಜೀವಿ ಒಂದು ಪಾಠ. ಪ್ರಾಣಿಗಳ ಆಹಾರ ಇನ್ನೊಂದು ಪಾಠ. ಬಹಳ ವರ್ಷ ನಾನೂ ಹಾಗೇ ಬೇರೆ ಬೇರೆಯಾಗಿ ಮಾಡಿದೆ. ಚಲಿಸುತ್ತದೆ, ಉಸಿರಾಡುತ್ತದೆ, ಬೆಳೆಯುತ್ತದೆ ಎಂದು ಬೋರ್ಡಿನ ಮೇಲೆ ಬರೆಯುವುದು, ಮಕ್ಕಳು ಬಾಯಿಪಾಠ ಮಾಡುವುದು. ಒಮ್ಮೆ ಮೂರನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು, "ಟೀಚರ್, ದೀಪಾನೂ ಎಣ್ಣೆ ಕುಡಿಯತ್ತೆ, ಅಲ್ಲಾಡತ್ತೆ, ಅದಕ್ಕೂ ಗಾಳಿ ಬೇಕು. ಹಾಗಾದ್ರೆ ಅದಕ್ಕೂ ಜೀವ ಇದೆಯಾ?" ಎಂದು ಕೇಳಿದ. ನಾನು ಬರೆದ ಪಟ್ಟಿಯ ಪ್ರಕಾರ ಅವನ ಮಾತೇ ಸರಿ. ಅವತ್ತು "ಕೂತ್ಕೋ" ಎಂದುಬಿಟ್ಟೆ. ಇವತ್ತಿಗೂ ಅದು ನನ್ನ ಮನಸ್ಸನ್ನು ಚುಚ್ಚುತ್ತದೆ.

ಉತ್ತರ ನಮ್ಮ ಕೊಟ್ಟಿಗೆಯಲ್ಲೇ ಇತ್ತು. ಕರು ಹುಲ್ಲು ತಿಂದರೆ ಆ ಹುಲ್ಲು ಕರುವೇ ಆಗುತ್ತದೆ. ಮೂಳೆ, ಮಾಂಸ, ಕೂದಲು, ಕೊಂಬು. ಮಿಕ್ಕಿದ್ದು ಸಗಣಿ. ದೀಪ ಎಷ್ಟು ಎಣ್ಣೆ ಕುಡಿದರೂ ಆ ಎಣ್ಣೆ ದೀಪದ ಮೈಯಾಗುವುದಿಲ್ಲ, ಉರಿದು ಹೊಗೆಯಾಗಿ ಹೋಗುತ್ತದೆ. ಕರುವಿನ ಮಂಡಿ ತರಚಿದರೆ ಎಂಟು ದಿನದಲ್ಲಿ ಚರ್ಮ ಕೂಡಿಕೊಳ್ಳುತ್ತದೆ. ಬತ್ತಿ ಸುಟ್ಟರೆ ನಾವೇ ಹೊಸೆದು ಹಾಕಬೇಕು. ಹೊರಗಿನದ್ದನ್ನು ಒಳಗೆ ತಂದು ತನ್ನ ಮೈ ಮಾಡಿಕೊಳ್ಳುವುದು ಜೀವ ಇದ್ದದ್ದರ ಕೆಲಸ. ಹಾಗಾಗಿ ಈಗ ಮೊಮ್ಮಗಳಿಗೂ ಕೇರಿಯ ಮಕ್ಕಳಿಗೂ ಭಾನುವಾರ ಹಿತ್ತಲು ತೋರಿಸುವಾಗ ಎರಡು ಪಾಠವನ್ನೂ ಸೇರಿಸಿ ಒಂದೇ ಪ್ರಶ್ನೆ ಮಾಡಿದ್ದೇನೆ: ಇದು ಏನು ತಿನ್ನುತ್ತದೆ? ಇದನ್ನು ಯಾರು ತಿನ್ನುತ್ತಾರೆ?

ಮೂರು ಹಾಳೆಯ ಜಗಳ

ಕಲ್ಲು, ಮೊಳೆ, ಬಾಟಲಿ ಚೂರು ಸುಲಭ. ದರಕು (ಒಣಗಿ ಉದುರಿದ ಎಲೆ), ಅಡಿಕೆ ಸೋಗೆ, ಕೋಳಿಪುಕ್ಕ ಎರಡನೇ ಹಾಳೆಗೆ ಹೋಗುತ್ತವೆ. ಸಾಮಾನು ಇಟ್ಟಿರುವ ಹಾಳೆಯೂ ಅದೇ ರಾಶಿಗೆ ಸೇರಬೇಕು ಎಂದು ಯಾರಾದರೂ ಕೂಗಿದರೆ ಬೆನ್ನು ತಟ್ಟಿ. ಬಸವನ ಹುಳುವಿನ ಖಾಲಿ ಚಿಪ್ಪಿಗೆ ವಾದ ಶುರುವಾಗುತ್ತದೆ. ಅದು ಹುಳು ತನ್ನ ಮೈಯಿಂದಲೇ ಕಟ್ಟಿಕೊಂಡ ಸುಣ್ಣದ ಮನೆ. ಎಲೆಯಡಿಕೆಗೆ ಹಚ್ಚುವ ಸುಣ್ಣವನ್ನು ಹಿಂದಿನವರು ಚಿಪ್ಪು ಸುಟ್ಟೇ ಮಾಡುತ್ತಿದ್ದರು. ನಾನು ಎರಡನೆಯದಕ್ಕೆ ಹಾಕುತ್ತೇನೆ, ಮೂರನೆಯದಕ್ಕೆ ಹಾಕಿದ ಮಗುವನ್ನು ತಪ್ಪು ಎನ್ನುವುದಿಲ್ಲ.

ಒಬ್ಬಳು ಬಾಟಲಿಯಲ್ಲಿ ತುಂಗೆಯ ನೀರು ತಂದು ಮೊದಲ ಹಾಳೆಯಲ್ಲಿಟ್ಟಳು. ತುಂಗೆ ಹರಿಯುತ್ತಾಳಲ್ಲ, ದೇವರಲ್ಲವೇ ಅಂದಳು. ನೀರಿಗೆ ಜೀವ ಇಲ್ಲ, ನೀರೊಳಗೆ ಬೇಕಾದಷ್ಟು ಜೀವ ಇದೆ ಎಂದು ಹೇಳಿ, ಪಾಚಿಗಟ್ಟಿದ ತೊಟ್ಟಿಯ ನೀರನ್ನು ಬಿಳಿ ತಟ್ಟೆಗೆ ಹಾಕಿ ಸೊಳ್ಳೆಮರಿ ಕುಣಿಯುವುದನ್ನು ತೋರಿಸಿದೆ. ತುಂಗೆಗೆ ಕೈಮುಗಿಯುವುದಕ್ಕೆ ಇದು ಅಡ್ಡಿಯಲ್ಲ ಎಂಬುದನ್ನೂ ಹೇಳಿದೆ. ಮಕ್ಕಳ ನಂಬಿಕೆಯನ್ನು ಕಿತ್ತು ವಿಜ್ಞಾನ ನೆಡುವ ಅಗತ್ಯವಿಲ್ಲ.

ಎಲ್ಲಕ್ಕಿಂತ ದೊಡ್ಡ ಜಗಳ ಕಲ್ಲುಹೂವಿನದ್ದು. ಮಸಾಲೆಗೆ ಹಾಕುತ್ತೇವಲ್ಲ, ಅದೇ. ಮಾವಿನ ಕಾಂಡದ ಮೇಲೆ, ಹಳೇ ಅಡಿಕೆ ಮರದ ಮೇಲೆ, ಪಾಗಾರದ ಕಲ್ಲಿನ ಮೇಲೆ ಬೂದಿ ಬಣ್ಣದ ತೇಪೆ ಹಚ್ಚಿದ ಹಾಗೆ ಇರುತ್ತದೆ. ಹೆಚ್ಚಿನ ಮಕ್ಕಳು ಮೂರನೇ ಹಾಳೆಗೇ ಹಾಕುತ್ತಾರೆ. ಆಗ ಒಂದು ಲೋಟ ನೀರು ತಂದು ಒಣಗಿದ ತೇಪೆಯ ಮೇಲೆ ಚಿಮುಕಿಸಿ, ಐದು ನಿಮಿಷ ಕಾಯಿರಿ. ಬೂದಿ ಬಣ್ಣದಡಿಯಿಂದ ಹಸಿರು ಮೇಲೇಳುತ್ತದೆ. ಅದು ಒಂದು ಜೀವವಲ್ಲ, ಜೊತೆಗೂಡಿ ಸಂಸಾರ ಮಾಡುವ ಎರಡು. ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ, ಒಳಗಿರುವ ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಬೆಳೆಯುವುದು ವರ್ಷಕ್ಕೆ ಕೆಲವೇ ಮಿಲಿಮೀಟರ್. ನಂಬದಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೊತ್ತಿ ಅಂಚನ್ನು ಪೆನ್ನಿನಲ್ಲಿ ಗೀಚಿ, ತಾರೀಕು ಬರೆದು ಎತ್ತಿಡಿ. ಮುಂದಿನ ವರ್ಷ ಅದೇ ಜಾಗಕ್ಕೆ ಅದೇ ಹಾಳೆ ಹಿಡಿದು ನೋಡಿ.

ಬೀಜಕ್ಕೆ ಜೀವ ಇದೆಯೇ ಎಂಬುದನ್ನು ಬಾಯಲ್ಲಿ ಹೇಳಬೇಡಿ, ಮೂರು ಗಂಟು ಕಟ್ಟಿ. ಒಂದರಲ್ಲಿ ಒಂದು ಹಿಡಿ ಬಿತ್ತನೆ ಭತ್ತ. ಎರಡನೆಯದರಲ್ಲಿ ಅದೇ ಭತ್ತವನ್ನು ಅರ್ಧ ಗಂಟೆ ಬೇಯಿಸಿ ಆರಿಸಿದ್ದು. ಕುಚ್ಚಲಕ್ಕಿಗೆ ಭತ್ತ ಬೇಯಿಸುತ್ತಾರಲ್ಲ, ಹಾಗೆ. ಮೂರನೆಯದರಲ್ಲಿ ಅಕ್ಕಿ. ಮೂರನ್ನೂ ಒಂದು ದಿನ ನೀರಲ್ಲಿ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಹತ್ತಿರದ ಬೆಚ್ಚಗಿನ ಮೂಲೆಯಲ್ಲಿಡಿ. ಎರಡು ದಿನಕ್ಕೆ ಮೊದಲ ಗಂಟಿನ ಭತ್ತದ ತುದಿಯಲ್ಲಿ ಬಿಳಿ ಮೊಳಕೆ ಇಣುಕುತ್ತದೆ, ಆರಿದ್ರಾ ಮಳೆಯ ಚಳಿಯಲ್ಲಾದರೆ ಇನ್ನೊಂದು ದಿನ ಹೆಚ್ಚು. ಬೆಂದ ಭತ್ತ ನೋಡಲು ಹಾಗೇ ಇದ್ದರೂ ಮೊಳೆಯುವುದಿಲ್ಲ, ಹುಳಿವಾಸನೆ ಹೊಡೆಯುತ್ತದೆ. ಅಕ್ಕಿಯೂ ಮೊಳೆಯುವುದಿಲ್ಲ, ಮಿಲ್ಲಿನಲ್ಲಿ ಮೊಳಕೆಯ ಕಣ್ಣು ಉದುರಿಹೋಗಿರುತ್ತದೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಭತ್ತದ ಕಾಳನ್ನು ಅಂಗೈಲಿಟ್ಟು, ಯಾವುದರಲ್ಲಿ ಜೀವ ಇತ್ತು ಎಂದು ಕೇಳಿದಾಗ ಮಕ್ಕಳ ಮುಖ ನೋಡಬೇಕು.

ಎಲೆಯ ಮೇಲಿನ ಬರಹ

ಇನ್ನು ತಿನ್ನುವವರ ಪಾಠ. ಇದಕ್ಕೆ ಬೇಕಾದ್ದು ಒಂದು ಹಗ್ಗ, ನೋಟ್‌ಬುಕ್ಕು, ಭೂತಗನ್ನಡಿ. ಹಿತ್ತಲ ಒಂದು ಮೂಲೆಯಲ್ಲಿ ಮಾರುದ್ದ ಮಾರಗಲದ ಜಾಗಕ್ಕೆ ಹಗ್ಗ ಸುತ್ತಿ. ಇಡೀ ತೋಟ ತೋರಿಸಲು ಹೋದರೆ ಮಕ್ಕಳು ಓಡುತ್ತಾರೆ, ನೋಡುವುದಿಲ್ಲ. ಕರಿಬೇವು, ದಾಸವಾಳ, ಒಂದು ಅಲಸಂದೆ ಬಳ್ಳಿ, ನೆಲದಲ್ಲಿ ಒಂದಿಷ್ಟು ದರಕು ಇರುವ ಜಾಗ ಸಿಕ್ಕರೆ ಆರು ತಿಂಗಳ ಪಾಠಕ್ಕೆ ಸಾಕು.

ತಿನ್ನುವ ಪ್ರಾಣಿ ಸಿಗುವುದಕ್ಕಿಂತ ತಿಂದ ಗುರುತು ಸಿಗುವುದು ಹೆಚ್ಚು. ಎಲೆಯ ಅಂಚಿನಿಂದ ಒಳಕ್ಕೆ ಕಚ್ಚಿ ಕಚ್ಚಿ ತಿಂದಿದ್ದರೆ ಚಿಟ್ಟೆ ಅಥವಾ ಪತಂಗದ ಮರಿಹುಳು, ಅಥವಾ ಮಿಡತೆ. ನಡುವೆ ತೂತು, ಪಕ್ಕದಲ್ಲಿ ಒಣಗಿದ ಲೋಳೆಯ ಹೊಳಪು ಇದ್ದರೆ ರಾತ್ರಿ ಬಸವನ ಹುಳು ಬಂದಿತ್ತು. ಎಲೆಯ ಒಳಗೇ ಬಿಳಿಯ ಸೊಟ್ಟಪಟ್ಟ ದಾರಿ ಕಂಡರೆ, ಎಲೆಯ ಎರಡು ಪದರದ ನಡುವೆ ಸುರಂಗ ಕೊರೆದು ತಿನ್ನುವ ಪುಟ್ಟ ಮರಿಹುಳು. ದಾರಿ ಹೋದಂತೆ ಅಗಲವಾಗುವುದನ್ನು ತೋರಿಸಿ, ಹುಳು ತಿಂದು ದಪ್ಪವಾದ ಲೆಕ್ಕ ಅದು. ಗುಲಾಬಿ ಎಲೆಯ ಅಂಚನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ದುಂಡಗೆ ಕೊಯ್ದಿದ್ದರೆ ಮಾತ್ರ ಅದು ತಿಂದದ್ದಲ್ಲ. ಒಂಟಿಯಾಗಿ ಬಾಳುವ ಒಂದು ಜಾತಿಯ ಜೇನ್ನೊಣ ಗೂಡಿನೊಳಗೆ ಮೊಟ್ಟೆಯ ಕೋಣೆಗೆ ಸುತ್ತಲು ಆ ತುಂಡು ಒಯ್ಯುತ್ತದೆ. ಅದರ ಊಟ ಹೂವಿನ ಪರಾಗ, ಮಕರಂದ. ಮಕ್ಕಳ ನೋಟ್‌ಬುಕ್ಕಿನಲ್ಲಿ "ಕಡಿದವರು" ಎಂದು ಒಂದು ಕಾಲಂ, "ತಿಂದವರು" ಎಂದು ಇನ್ನೊಂದು ಕಾಲಂ ಹಾಕಿಸಿ.

ಅಲಸಂದೆಯ ಎಳೆ ತುದಿಯಲ್ಲಿ ಕಪ್ಪು ಹೇನು ಮುತ್ತಿದ್ದರೆ ತಕ್ಷಣ ತೊಳೆಯಬೇಡಿ. ಅವು ಗಿಡದ ರಸ ಹೀರುತ್ತವೆ, ಹೆಚ್ಚಾದ ಸಿಹಿಯನ್ನು ಹಿಂದಿನಿಂದ ಹನಿಸುತ್ತವೆ. ಆ ಸಿಹಿಗೆ ಇರುವೆ ಕಾದು ನಿಂತಿರುತ್ತದೆ. ಎರಡು ದಿನ ಬಿಟ್ಟರೆ ಗುಲಗಂಜಿ ಹುಳು ಬರುತ್ತದೆ, ಹೇನು ತಿನ್ನಲು. ಒಂದು ಗೇಣು ಬಳ್ಳಿಯಲ್ಲಿ ಮೂರು ಊಟ. ಮಾವಿನ ಮರದ ಚಗಳಿ ಎಂಬ ಕೆಂಪಿರುವೆಯೂ ಹೀಗೇ, ಸಿಹಿಯೂ ಬೇಕು, ಹುಳುವೂ ಬೇಕು. ಚಗಳಿ ಗೂಡಿಗೆ ಎಲೆ ಹೊಲಿಯುವುದು ಕಂಡರೆ ದೂರದಿಂದ ಭೂತಗನ್ನಡಿ ಹಿಡಿಯಿರಿ. ದೊಡ್ಡ ಇರುವೆಗಳಿಗೆ ನೂಲು ಬರುವುದಿಲ್ಲ; ಬಾಯಲ್ಲಿ ತಮ್ಮ ಮರಿಯನ್ನು ಹಿಡಿದು ಅದರ ಬಾಯಿಯ ನೂಲಿನಿಂದ ಆ ಅಂಚಿಗೂ ಈ ಅಂಚಿಗೂ ಹೊಲಿಗೆ ಹಾಕುತ್ತವೆ.

ಈಗ ಕರಿಬೇವಿನ ಗಿಡ. ಒಂದೇ ಒಂದು ಪಾಠ ಮಾಡಲು ಸಮಯ ಇದೆ ಎಂದರೆ ಇದನ್ನೇ ಮಾಡಿ. ಎಳೆ ಎಲೆಯ ಮೇಲೆ ಸಾಸಿವೆಗಿಂತ ಚಿಕ್ಕ, ದುಂಡನೆಯ ತಿಳಿಹಳದಿ ಮೊಟ್ಟೆ ಹುಡುಕಿ. ಕರಿಬೇವು, ನಿಂಬೆ, ಹೆರಳೆ ಒಂದೇ ಕುಟುಂಬದವು, ಆ ಕುಟುಂಬದ ಎಲೆ ತಿನ್ನುವ ಚಿಟ್ಟೆಗಳು ಅಲ್ಲಿಯೇ ಮೊಟ್ಟೆ ಇಡುತ್ತವೆ. ಹೊರಬಂದ ಹುಳು ಮೊದಲು ಹಕ್ಕಿಯ ಹಿಕ್ಕೆಯ ಹಾಗೇ ಇರುತ್ತದೆ, ಕಂದು ಬಿಳಿ ಬಣ್ಣ, ಒದ್ದೆ ಒದ್ದೆ ಹೊಳಪು. ಹಿಕ್ಕೆಯನ್ನು ಯಾವ ಹಕ್ಕಿ ತಿನ್ನುತ್ತದೆ? ಕೊನೆಯ ಸಲ ಪೊರೆ ಕಳಚಿದಾಗ ಹಸಿರಾಗುತ್ತದೆ. ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಬಣ್ಣದ ಕೋಡು ಚಾಚಿ ಘಾಟು ವಾಸನೆ ಬಿಡುತ್ತದೆ.

ಕೊಂಬೆ ಸಮೇತ ಹುಳುವನ್ನು ದೊಡ್ಡ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ದಿನಾ ಹೊಸ ಎಲೆ. ಹಳೇ ಎಲೆಯ ಜೊತೆಗೆ ಹಿಕ್ಕೆಯನ್ನೂ ತೆಗೆದು ಒಂದು ಕಾಗದದ ಮೇಲೆ ಎಣಿಸಿಸಿ. ಎಷ್ಟು ತಿಂದಿತು, ಎಷ್ಟು ಹಿಕ್ಕೆ ಹಾಕಿತು, ಎಷ್ಟು ಉದ್ದವಾಯಿತು. ಕಡ್ಡಿಯಿಂದ ಅಳೆದು ಬರೆಯಲಿ. ಎಲೆ ಹುಳುವಾಗುವುದನ್ನು ಮಕ್ಕಳು ಕಣ್ಣಾರೆ ಕಾಣುವುದು ಇಲ್ಲೇ. ಸುಮಾರು ಎರಡು ವಾರ ತಿಂದ ಮೇಲೆ ಊಟ ಬಿಟ್ಟು, ಸೊಂಟಕ್ಕೆ ಒಂದು ನೂಲಿನ ಪಟ್ಟಿ ಕಟ್ಟಿಕೊಂಡು ಕೋಶವಾಗುತ್ತದೆ. ಆಗ ಮುಟ್ಟಬೇಡಿ, ಬಿಸಿಲಲ್ಲಿಡಬೇಡಿ. ಚಿಟ್ಟೆ ಬಂದ ದಿನ ರೆಕ್ಕೆ ಒಣಗುವವರೆಗೆ ಕಾದು ಅಂಗಳದಲ್ಲಿ ಬಿಡಿ.

ಒಂದು ಸಲ ನಮ್ಮ ಬಾಟಲಿಯಲ್ಲಿ ಚಿಟ್ಟೆ ಬರಲಿಲ್ಲ. ಕೋಶದ ಪಕ್ಕದಲ್ಲಿ ಸಣ್ಣ ತೂತು, ಅದರಿಂದ ಹೊರಬಂದ ಇರುವೆಗಿಂತ ಚಿಕ್ಕ ಕಣಜಗಳು ಬಟ್ಟೆಯ ಮೇಲೆ ಹರಿದಾಡುತ್ತಿದ್ದವು. ತಾಯಿ ಕಣಜ ಮೊದಲೇ ಒಳಗೆ ಮೊಟ್ಟೆ ಇಟ್ಟಿತ್ತು, ಮರಿಗಳು ಒಳಗಿನಿಂದ ತಿಂದು ಬೆಳೆದಿದ್ದವು. ಮೊಮ್ಮಗಳು ಅತ್ತಳು, ಒಬ್ಬ ಹುಡುಗ ಕಣಜವನ್ನೆಲ್ಲ ಹೊಸಕಲು ಹೊರಟ. ನಾನು ತಡೆದೆ. ಹುಳು ಎಲೆ ತಿಂದಾಗ ನಾವು ಗಿಡದ ಪರವಾಗಿ ಅತ್ತಿರಲಿಲ್ಲವಲ್ಲ ಎಂದಷ್ಟೇ ಹೇಳಿ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡೆ. ಇಂಥ ದಿನ ಬಂದರೆ ಮುಚ್ಚಿಡಬೇಡಿ, ನೋಟ್‌ಬುಕ್ಕಿನಲ್ಲಿ ಬರೆಸಿ.

ಜಾಗ ಇದ್ದವರು ಈಶ್ವರಿ ಬಳ್ಳಿಯನ್ನೂ ಹಬ್ಬಿಸಿ. ಕರ್ನಾಟಕದ ರಾಜ್ಯ ಚಿಟ್ಟೆ ಅನ್ನುತ್ತಾರಲ್ಲ, ಕಪ್ಪು ಹಳದಿಯ ಆ ದೊಡ್ಡ ಚಿಟ್ಟೆ, ಅದರ ಮರಿಗೆ ಈ ಜಾತಿಯ ಬಳ್ಳಿಯೇ ಬೇಕು. ಎಲೆಯ ವಿಷವನ್ನು ಹುಳು ತನ್ನ ಮೈಯಲ್ಲಿ ಉಳಿಸಿಕೊಂಡು, ತಿನ್ನಲು ಬಂದವರಿಗೆ ಕಹಿಯಾಗುತ್ತದೆ. ಈ ಬಳ್ಳಿಯ ಎಲೆಯನ್ನು ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ರಾತ್ರಿ ಊಟದವರು

ಮಳೆ ಹೊಳವಾದ ಒಂದು ಸಂಜೆ, ಎಂಟು ಗಂಟೆ ಹೊತ್ತಿಗೆ ಟಾರ್ಚ್ ಹಿಡಿದು ಹಗ್ಗದ ಚೌಕಕ್ಕೆ ಹೋಗಿ. ಗಂಬೂಟು ಬೇಕೇ ಬೇಕು, ಹಾವಿರುತ್ತದೆ. ಕೇರೆ ಹಾವು ಇಲಿಗೆ, ಕಪ್ಪೆಗೆ ಬರುತ್ತದೆ. ಆಗುಂಬೆ ಕಡೆಯ ಕಾಳಿಂಗ ಆ ಕೇರೆಯನ್ನೇ ನುಂಗುತ್ತದೆ. ದರಕಿನ ಮೇಲೆ ನಿಧಾನಕ್ಕೆ ನಡೆಯುವ ಚೋರಟೆ ಕೊಳೆತ ಎಲೆ ತಿನ್ನುತ್ತದೆ, ಕಚ್ಚುವುದಿಲ್ಲ. ಸರಕ್ಕನೆ ಓಡುವ ಜರಿ ಬೇಟೆಗಾರ, ಕಚ್ಚುತ್ತದೆ. ಮೈಯ ಒಂದೊಂದು ಗೆಣ್ಣಿಗೆ ಚೋರಟೆಗೆ ಎರಡು ಜೊತೆ ಕಾಲು, ಜರಿಗೆ ಒಂದೇ ಜೊತೆ. ದೂರದಿಂದಲೇ ಎಣಿಸಿಸಿ.

ನೆಲದಲ್ಲಿ, ಹುಲ್ಲಿನ ಬುಡದಲ್ಲಿ ಹಸಿರು ಬೆಳಕಿನ ಚುಕ್ಕೆ ಹರಿದಾಡಿದರೆ ಅದು ಮಿಂಚುಹುಳುವಿನ ಮರಿ. ರೆಕ್ಕೆ ಇಲ್ಲ, ಚಪ್ಪಟೆ, ಕಪ್ಪು. ಅದು ಬಸವನ ಹುಳುವಿನ ಲೋಳೆಯ ಜಾಡು ಹಿಡಿದು ಹೋಗಿ ಕಚ್ಚಿ ಮಂಕು ಮಾಡಿ, ಒಳಗಿನದ್ದನ್ನು ಕರಗಿಸಿ ತಿನ್ನುತ್ತದೆ. ಇದು ನನಗೆ ತಡವಾಗಿ ತಿಳಿಯಿತು. ನಾಲ್ಕು ವರ್ಷದ ಹಿಂದೆ ಅಡಿಕೆ ಸಸಿಗೆ, ತರಕಾರಿಗೆ ಬಸವನ ಹುಳು ಬಿದ್ದಾಗ ಅಂಗಡಿಯಿಂದ ವಿಷದ ಗುಳಿಗೆ ತಂದು ಚೆಲ್ಲಿದ್ದೆ. ಬೆಳಗ್ಗೆ ನಮ್ಮ ನಾಯಿ ಕೊಟ್ಟಿಗೆ ಹತ್ತಿರ ಮೈ ನಡುಗಿಸುತ್ತಾ ಬಿದ್ದಿತ್ತು. ಡಾಕ್ಟರ್ ಬರುವಷ್ಟರಲ್ಲಿ ಹೋಯಿತು. ಹನ್ನೊಂದು ವರ್ಷ ನಮ್ಮ ಬಾಗಿಲು ಕಾದ ನಾಯಿ ಅದು. ಯಾರು ಏನು ತಿನ್ನುತ್ತಾರೆ ಎಂದು ಊರ ಮಕ್ಕಳಿಗೆಲ್ಲ ಹೇಳಿದವಳು, ಆ ಗುಳಿಗೆಯನ್ನು ನಮ್ಮ ಮನೆಯಲ್ಲಿ ಇನ್ಯಾರು ತಿಂದಾರು ಎಂದು ಯೋಚಿಸಲಿಲ್ಲ.

ಈಗ ಹೀಗೆ ಮಾಡುತ್ತೇನೆ, ನೀವೂ ಮಾಡಿ. ಸಂಜೆ ಹಳೇ ಗೋಣಿಚೀಲ ನೆನೆಸಿ ಸಸಿಗಳ ನಡುವೆ ಹಾಸಿ, ಅಡಿಯಲ್ಲಿ ಪಪ್ಪಾಯಿ ಎಲೆ, ಕಾಂಡದ ತುಂಡು ಇಡಿ. ರಾತ್ರಿ ತಿನ್ನಲು ಬಂದ ಬಸವನ ಹುಳುಗಳು ಬೆಳಗ್ಗೆ ತಂಪಿಗೆ ಅಲ್ಲೇ ಅಂಟಿಕೊಂಡಿರುತ್ತವೆ. ಕೈಗೆ ಕವರು ಹಾಕಿಕೊಂಡು ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಆಮೇಲೆ ಗಿಡಗಳಿಂದ ದೂರ ಗುಂಡಿ ತೋಡಿ ಮುಚ್ಚಿ. ಎಂಟು ದಿನ ಬಿಡದೆ ಮಾಡಿದರೆ ಕಡಿಮೆಯಾಗುತ್ತದೆ. ಮಿಕ್ಕವಕ್ಕೆ ಕೆಂಬೂತ ಇದೆ, ಮಿಂಚುಹುಳುವಿನ ಮರಿ ಇದೆ.

ಕಾಣಿಸಿಕೊಳ್ಳದವರ ಗುರುತಿಗೆ ಒಲೆಯ ಬೂದಿ. ಜರಡಿ ಹಿಡಿದು ಹಲಸಿನ ಮರದ ಕೆಳಗೆ, ಬೇಲಿಯ ಗಂಡಿಯಲ್ಲಿ ತೆಳುವಾಗಿ ಹರಡಿ ಮಲಗಿ. ಬೆಳಗ್ಗೆ ಹೆಜ್ಜೆ ಓದಿ. ಮನೆಬೆಕ್ಕಿನದು ನಾಲ್ಕು ಬೆರಳು, ಉಗುರು ಕಾಣದು, ಕಬ್ಬೆಕ್ಕಿನದು (ಪುನುಗು ಬೆಕ್ಕಿನ ಜಾತಿಯದು) ಐದು. ಕಬ್ಬೆಕ್ಕು ಬಂಡೆಯ ಮೇಲೋ ಪಾಗಾರದ ಮೇಲೋ ಹಿಕ್ಕೆ ಹಾಕುತ್ತದೆ. ಕಡ್ಡಿಯಲ್ಲಿ ಬಿಡಿಸಿದರೆ ಬಗನಿ ಮರದ ಬೀಜ ಇಡಿಯಾಗಿ ಸಿಗುತ್ತದೆ. ಬಗನಿ ಹಣ್ಣು ನಮ್ಮ ಕೈಗೆ ತಾಗಿದರೆ ತುರಿಕೆ, ಅದಕ್ಕೆ ಊಟ. ಆ ಬೀಜಗಳನ್ನು ಮಣ್ಣಲ್ಲಿ ಹೂತಿಡಿ, ಮೊಳೆತರೆ ಯಾರು ನೆಟ್ಟರೆಂದು ಮಕ್ಕಳನ್ನು ಕೇಳಿ. ನೆಲ ಉತ್ತ ಹಾಗೆ ಬಗೆದಿದ್ದರೆ ಹಂದಿ, ಗೆಡ್ಡೆಗೂ ಎರೆಹುಳುವಿಗೂ ಬಂದದ್ದು. ಅಡಿಕೆ ಮರದಡಿ ಸಿಪ್ಪೆ ಚೀಪಿದ ಹಣ್ಣಡಿಕೆ ಬಿದ್ದಿದ್ದರೆ ಬಾವಲಿ. ಬಾವಲಿ ಕಚ್ಚಿದ ಪೇರಳೆ, ಗೇರುಹಣ್ಣು ಮಕ್ಕಳು ತಿನ್ನಬಾರದು. ಕೇರಳದಲ್ಲಿ 2018ರಲ್ಲಿ ಬಾವಲಿಯಿಂದ ಹರಡುವ ನಿಪಾ ಕಾಯಿಲೆ ಬಂದ ಮೇಲೆ ನಾನು ಇದರಲ್ಲಿ ಬಹಳ ಕಟ್ಟುನಿಟ್ಟು.

ಹಗಲಲ್ಲಿ ಅಡಿಕೆ ಮರದ ಕಾಂಡವನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೋಡಿಸಿ. ಕಾಂಡದ ಬಣ್ಣದ್ದೇ ಹಾರುವ ಓತಿ ಅಂಟಿಕೊಂಡಿರುತ್ತದೆ, ಕತ್ತಿನಡಿಯ ಹಳದಿ ಚೀಲ ಬಿಚ್ಚಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಅದರ ಊಟ ಮರ ಹತ್ತುವ ಇರುವೆ. ಮಳೆಗಾಲದಲ್ಲಿ ಅದೇ ಮರದ ಗೊನೆಗೆ ಕೊಳೆರೋಗ ತರುವುದೂ ಒಂದು ಜೀವವೇ, ಕಾಯಿ ತಿಂದು ಬದುಕುವುದು. ಅದರ ಹೆಸರು ಫೈಟಾಫ್ತೊರಾ, ಗಿಡ ಹಾಳುಗೆಡಹುವುದು ಎಂಬರ್ಥದ ಗ್ರೀಕ್ ಪದ. ಅದಕ್ಕೆ ಹೊಡೆಯುವ ಬೋರ್ಡೋ ಎಂಬ ಮದ್ದು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಮೂರೂ ಮೂರನೇ ಹಾಳೆಯ ಸಾಮಾನು.

ನಮ್ಮನ್ನು ತಿನ್ನುವವರು

ಇದನ್ನು ಬಿಡುವ ಹಾಗಿಲ್ಲ. ಉಂಬಳ (ಜಿಗಣೆ) ಹತ್ತಿದರೆ ಹೆದರಿಸಬೇಡಿ, ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಡುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ತೊಳೆದು ಒತ್ತಿ ಹಿಡಿದರೆ ನಿಲ್ಲುತ್ತದೆ. ಉಣುಗು, ಅಂದರೆ ಉಣ್ಣೆ ಹುಳು, ಹಾಗಲ್ಲ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು ನಮ್ಮ ಜಿಲ್ಲೆಯಲ್ಲೇ, 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ರಕ್ತ ಕುಡಿಯುವ ಈ ಉಣುಗು. ಡಿಸೆಂಬರ್‌ನಿಂದ ಮೇವರೆಗೆ ಮಕ್ಕಳನ್ನು ಸೊಪ್ಪಿನ ಬೆಟ್ಟಕ್ಕೆ, ಕಾಡಂಚಿನ ದರಕಿಗೆ ಕರೆದೊಯ್ಯಬೇಡಿ. ಮನೆ ಹತ್ತಿರದ ಹಿತ್ತಲಲ್ಲೂ ಉದ್ದ ಕಾಲಿನ ಬಟ್ಟೆ ಹಾಕಿಸಿ, ಬಂದ ಮೇಲೆ ಬಿಸಿನೀರಲ್ಲಿ ಮೀಯಿಸಿ ಕಂಕುಳು, ಕಿವಿಯ ಹಿಂದೆ, ಮಂಡಿಯ ಹಿಂದೆ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಅವರು ಹೇಳಿದ ಹಾಗೆ ಹಚ್ಚಿಕೊಳ್ಳಿ.

ಹಿತ್ತಲಿಲ್ಲದವರು ಬೇಸರ ಮಾಡಿಕೊಳ್ಳಬೇಡಿ. ಮಗಳ ಮನೆ ಶಿವಮೊಗ್ಗದ ವಿನೋಬನಗರದಲ್ಲಿ, ಎರಡನೇ ಮಹಡಿ. ಮೊಮ್ಮಗಳು ರಜೆ ಮುಗಿಸಿ ಹೋಗುವಾಗ ಒಂದು ಕರಿಬೇವಿನ ಸಸಿಯನ್ನು ಕುಂಡದಲ್ಲಿಟ್ಟು ಕಳಿಸಿದೆ. ಮದ್ದು ಹೊಡೆಯಬಾರದು, ತಿಂದ ಎಲೆ ಕಂಡರೆ ಬೈಯಬಾರದು, ದಿನಾ ಬೆಳಗ್ಗೆ ಎಳೆ ಎಲೆಯ ಎರಡೂ ಬದಿ ನೋಡಬೇಕು ಎಂದು ಹೇಳಿದ್ದೆ. ತಿಂಗಳು ಕಳೆಯಿತು, ಏನೂ ಇಲ್ಲ. ಒಂದು ದಿನ ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ಫೋನು: "ಅಮ್ಮಮ್ಮ, ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ. ನೀರು ಹಾಕಿ ತೊಳೆಯೋಣ ಅಂತ ಅಮ್ಮ ಹೇಳಿದ್ಲು. ನಾನು ಬೇಡ ಅಂದೆ. ಅದು ತಲೆ ಎತ್ತಿ ಎಲೆ ತಿಂತಾ ಇದೆ."